ಮಲಗಿಸುವ ಕೋಣೆಯ ಗೋಡೆ

ಜೂನ್ 3, ಸೋಮವಾರ. ಬೆಳಿಗ್ಗೆ 11.20

ಎಡಗಡೆ ನಲವತ್ತು ಎಂಎಲ್. ಬಲಗಡೆ ಹದಿನೈದಕ್ಕೇ ನಿಂತಿದೆ. ಪಂಪಿನ ಸದ್ದು ಮಾತ್ರ ಜೋರು — ಮುದಿ ಬೆಕ್ಕು ಗೊರಕೆ ಹೊಡೆದ ಹಾಗೆ.

ಹೆರಿಗೆ ರಜೆ ಮುಗಿದು ಆಫೀಸಿಗೆ ಬಂದು ಎರಡನೇ ವಾರ. ದಿನಕ್ಕೆರಡು ಸಲ, ಇಪ್ಪತ್ತಿಪ್ಪತ್ತು ನಿಮಿಷ ಈ ಕೋಣೆ ನನ್ನದು. ಒಂದು ಕುರ್ಚಿ, ಒಂದು ಸಿಂಕು, ಹಾಲಿಡಲು ಸಣ್ಣ ಫ್ರಿಜ್ಜು, ಒಳಗಿನಿಂದ ಚಿಲಕ. ಮೊಬೈಲು ನೋಡಿದರೆ ಹಾಲು ಬರುವುದಿಲ್ಲ. ಮಗುವಿನ ಫೋಟೋ ನೋಡಿದರೆ ಹಾಲಿಗಿಂತ ಮೊದಲು ಅಳು ಬರುತ್ತದೆ. ಅದಕ್ಕೇ ಈ ನೋಟ್‌ಬುಕ್ಕು.

ನಿದ್ದೆಯ ಮಾತು ಎತ್ತಬಾರದು. ಬೆಳಿಗ್ಗೆ ಬಸ್ಸಿನಲ್ಲಿ ನಿಂತೇ ತೂಕಡಿಸಿ ಮುಂದಿದ್ದವರ ಬ್ಯಾಗಿಗೆ ಹಣೆ ಕೊಟ್ಟೆ. ಆಕೆ ತಿರುಗಿ ನೋಡಿ, 'ಎಷ್ಟು ತಿಂಗಳ ಮಗು?' ಅಂದರು. ಅಷ್ಟು ಕಾಣುತ್ತದೆ ಮುಖದಲ್ಲಿ.

ನಾನು ರಜೆಯಲ್ಲಿದ್ದಾಗ ಕಂಪನಿ ಈ ಹೊಸ ಕಟ್ಟಡಕ್ಕೆ ಬಂತು. ಹಸಿರು ಕಟ್ಟಡ ಅಂತ ಸರ್ಟಿಫಿಕೇಟು ಕೊಡಿಸುವುದೇ ನಮ್ಮ ಕಂಪನಿಯ ಕೆಲಸ, ಇದಕ್ಕೂ ನಾವೇ ಓಡಾಡಿ ಕೊಡಿಸಿದ್ದು. ಲಾಬಿಯಲ್ಲಿ ಗಾಜಿನ ಫಲಕ, ಎಲೆಯ ಚಿತ್ರ. ಒಳಗೋಡೆಗಳ ಕಡತ ನನ್ನದು. ಬಣ್ಣ, ಅಂಟು, ಬೋರ್ಡು — ಗೋಡೆಗೆ ಹತ್ತುವ ಒಂದೊಂದು ವಸ್ತುವೂ ಗಾಳಿಗೆ ಎಷ್ಟು ಕೆಟ್ಟದ್ದು ಬಿಡುತ್ತದೆ, ಮಿತಿಯೊಳಗಿದೆಯೇ, ಲ್ಯಾಬಿನ ಕಾಗದ ಇದೆಯೇ. ಅದೇ ಕೆಲಸ, ಐದು ವರ್ಷದಿಂದ.

ಈ ಕೋಣೆಯ ಆಚೆ ಬದಿಗೆ ಡೇಕೇರ್. ನಾನು ಒರಗಿ ಕೂತ ಗೋಡೆಯ ಹಿಂದೆ ಮಕ್ಕಳನ್ನು ಮಲಗಿಸುವ ಕೋಣೆ. ಬರುವ ಸೋಮವಾರ ಶುರು. ಬೆಳಿಗ್ಗೆ ಮೀಟಿಂಗಿನಲ್ಲಿ ಬಾಸ್ ಎಲ್ಲರ ಮುಂದೆ, 'ಮೊದಲನೇ ಸೀಟು ಇವಳ ಮಗೂಗೆ. ಈ ಗೋಡೆಗೆ ಕಾಗದ ಮಾಡ್ದವಳೇ ಇವಳು' ಅಂದರು. ಚಪ್ಪಾಳೆ. ನಕ್ಕೆ.

ಬಲಗಡೆ ಇನ್ನೂ ಹದಿನೈದೇ.

ಜೂನ್ 4, ಮಂಗಳವಾರ. 11.25

ಬರೆದುಬಿಡುತ್ತೇನೆ. ಯಾರು ಓದುತ್ತಾರೆ.

ಕಳೆದ ಡಿಸೆಂಬರ್. ಒಂಬತ್ತು ತುಂಬುತ್ತಿತ್ತು, ಪಾದ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ರಜೆಗೆ ಮುಂಚೆ ಕಡತ ಮುಗಿಸಬೇಕಿತ್ತು. ಇಪ್ಪತ್ತಮೂರು ಕೋಣೆ. ಕೋಣೆಗೊಂದು ಸಾಲು — ಯಾವ ಬೋರ್ಡು, ಯಾವ ಅಂಟು, ಯಾವ ರಿಪೋರ್ಟು. ಎಲ್ಲಕ್ಕೂ ಒಂದೇ ಬೋರ್ಡು ಅಂತ ಒಪ್ಪಿಗೆಯಾಗಿತ್ತು. ಲ್ಯಾಬಿನವರು ಅದರ ತುಂಡನ್ನು ಹದಿನಾಲ್ಕು ದಿನ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಸುತ್ತಲಿನ ಗಾಳಿಗೆ ಏನೇನು ಬಿಟ್ಟಿತು ಅಂತ ಅಳೆದಿದ್ದರು. ಒಳ್ಳೆಯ ರಿಪೋರ್ಟು.

ಮೊದಲ ಸಾಲು ತುಂಬಿದೆ. ಎಕ್ಸೆಲ್ಲಿನ ಆ ಚೌಕದ ಮೂಲೆ ಹಿಡಿದು ಕೆಳಗೆ ಎಳೆದೆ. ಇಪ್ಪತ್ತಮೂರೂ ಕೋಣೆ ಒಂದೇ ಉಸಿರಿಗೆ ತುಂಬಿಕೊಂಡವು. ನಾವೆಲ್ಲ ಮಾಡುವುದು ಹಾಗೆಯೇ. ಆಮೇಲೆ ಸೈಟಿಗೆ ಹೋಗಿ, ಒಂದೊಂದು ಕೋಣೆ ಕಣ್ಣಾರೆ ನೋಡಿ, ಒಂದೊಂದು ಟಿಕ್ ಹಾಕಬೇಕು. ಲಿಫ್ಟಿಲ್ಲದ ಕಟ್ಟಡ ಆಗ. ಹೊಟ್ಟೆ ಹೊತ್ತುಕೊಂಡು ಯಾರು ಹತ್ತುತ್ತಾರೆ. ಟಿಕ್ಕನ್ನೂ ಎಳೆದೆ.

ಅದೇ ಸಂಜೆ ಸೈಟ್ ಸೂಪರ್‌ವೈಸರನ ಮೆಸೇಜು. 'ಮೇಡಂ, ಡೇಕೇರ್ ಮಲಗೋ ರೂಮಿಗೆ ಮಾತ್ರ ಬೇರೆ ಬೋರ್ಡ್ ಹಾಕಿದೀವಿ. ಆ ಸ್ಟಾಕ್ ಮುಗೀತು. ಪೇಪರ್ ನೀವು ನೋಡ್ಕೊಳ್ಳಿ.' ಜೊತೆಗೆ ಫೋಟೋ. ಬೋರ್ಡಿನ ಕತ್ತರಿಸಿದ ಅಂಚು ಕಡು ಕಂದು. ನಮ್ಮದು ಒಣಹುಲ್ಲಿನ ಬಣ್ಣದ್ದು. ಇದು ಮರದ ಪುಡಿಯನ್ನು ಅಗ್ಗದ ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ಆ ಅಂಟು ಗೋಡೆಗೆ ಹತ್ತಿದ ಮೇಲೂ ಎಷ್ಟೋ ಕಾಲ ಫಾರ್ಮಾಲ್ಡಿಹೈಡ್ ಬಿಡುತ್ತಲೇ ಇರುತ್ತದೆ. ಕಣ್ಣು ಉರಿ, ಗಂಟಲು ಕೆರೆತ, ದಿನ ಕಳೆದರೆ ಅದಕ್ಕಿಂತ ಕೆಟ್ಟದ್ದು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದನ್ನು ಪಾಠ ಮಾಡುವವಳು ನಾನೇ. ಮೇಲೆ ಚೆಂದದ ನೀಲಿ ಬಟ್ಟೆ ಹೊದಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಅಂತಲೂ ನಾನೇ ಹೇಳುವುದು.

ಸೂಪರ್‌ವೈಸರನಿಗೆ ಹೆಬ್ಬೆರಳು ಕಳಿಸಿದೆ. ಆ ಹಳದಿ ಹೆಬ್ಬೆರಳು. ಆಯಿತು ಅನ್ನುವ ಹಾಗೆ.

ಮಾರನೇ ದಿನ ನೀರಿನ ಚೀಲ ಒಡೆಯಿತು. ಆಸ್ಪತ್ರೆ. ಮಗು. ಮರೆತುಹೋಯಿತು.

ಮೇಲಿನ ಸಾಲಿನ ಕೊನೆಯ ಮಾತು ಸುಳ್ಳು. ಮರೆತಿರಲಿಲ್ಲ. ಕಡತ ಪಾಸಾಯಿತು ಅಂತ ಬಾಸ್ ಹೂಗುಚ್ಛ ಕಳಿಸಿದಾಗ ಮಗು ಎದೆಯ ಮೇಲಿತ್ತು. ಎದೆ ಧಸಕ್ಕೆಂದಿತು, ಮಗು ಬೆಚ್ಚಿತು. ಆದರೂ ಒಂದೇ ಕೈಯಲ್ಲಿ ಬರೆದೆ — ಥ್ಯಾಂಕ್ಯೂ ಸರ್.

ಜೂನ್ 5, ಬುಧವಾರ. ಸಂಜೆ 7, ಮನೆ

ಮಗು ಅತ್ತೆಯ ಮಡಿಲಲ್ಲಿ. ಐದು ನಿಮಿಷ ಸಿಕ್ಕಿದೆ.

ಮಗುವಿಗೆ ಅಂತ ಇವರು ತಂದ ರಬ್ಬರ್ ಮ್ಯಾಟು ಇನ್ನೂ ಬಾಲ್ಕನಿಯಲ್ಲೇ ಇದೆ. ಹದಿನಾಲ್ಕು ದಿನ ಗಾಳಿಗೆ ಬಿಟ್ಟ ಮೇಲೇ ಒಳಗೆ ಅಂದಿದ್ದೇನೆ. ಮರದ ತೊಟ್ಟಿಲು ತಂದಾಗ ಮೂಸಿ ವಾಪಸು ಕಳಿಸಿದೆ. ಎರಡನೆಯದನ್ನೂ. ಅಂಗಡಿಯವನು ಮೂರನೆಯದನ್ನು ತರುವಾಗ, 'ಮೊದ್ಲು ಮೂಸ್ಬಿಡಿ ಮೇಡಂ, ಆಮೇಲೆ ಇಳಿಸ್ತೀನಿ' ಅಂದಿದ್ದ.

ಇವರು: 'ಏರ್‌ಪೋರ್ಟಲ್ಲಿ ನಾಯಿ ಇಟ್ಕೋತಾರಲ್ಲ ಚೀಲ ಮೂಸಕ್ಕೆ, ಅವರಿಗೆ ನಿನ್ನ ನಂಬರ್ ಕೊಡ್ಲಾ?'

ಅತ್ತೆ: 'ಸುಮ್ನಿರೋ. ತಾಯಿಗೆ ಮೂಗಿರ್ಬೇಕು. ಅಪ್ಪಂದಿರಿಗೆ ಬಾಯಿದ್ರೆ ಸಾಕು.'

ನಗಬೇಕಿತ್ತು. ನಗು ಬರಲಿಲ್ಲ. ತೊಟ್ಟಿಲಿಗೆ ಇಷ್ಟು ಮೂಸುವವಳು...

ಮನೆಯಲ್ಲಿ ಹೇಳಿದ್ದೇನೆ: ಡೇಕೇರಿನಲ್ಲಿ ಸೀಟು ಸಿಗಲಿಲ್ಲ ಅಂತ. ಅತ್ತೆ ಮೊಣಕಾಲು ನೀವಿಕೊಂಡು, 'ಹೋಗ್ಲಿ ಬಿಡು, ನಾನಿದೀನಲ್ಲ' ಅಂದರು. ವೈದ್ಯರು ಅವರಿಗೆ ನೆಲದ ಮೇಲೆ ಕೂರಬೇಡಿ ಅಂದು ವರ್ಷವಾಯಿತು. ಮಗು ಇರುವುದೇ ನೆಲದ ಮೇಲೆ.

ಜೂನ್ 7, ಶುಕ್ರವಾರ. 3.30

ಬಾಸ್ ಹತ್ತಿರ ಹೋದೆ. ಹೇಳಿಬಿಡಬೇಕು ಅಂತಲೇ ಹೋದೆ. ಬಾಯಿ ತೆರೆದಾಗ ಬಂದದ್ದು ಬೇರೆ.

'ಸರ್, ಡೇಕೇರ್ ಸೀಟು ಬೇರೆಯವರಿಗೆ ಕೊಡಿ. ನಮ್ಮತ್ತೆ ಒಪ್ತಿಲ್ಲ.'

'ಅಯ್ಯೋ, ಹಿರಿಯರು. ನಾನು ಬೇಕಾದ್ರೆ ಮಾತಾಡ್ತೀನಿ.'

'ಬೇಡ ಸರ್. ಸ್ವಲ್ಪ ಹಠ.'

ಪಾಪ ಅತ್ತೆ. ನನ್ನ ಜೊತೆ ಜೋರಾಗಿ ಮಾತಾಡಿದ್ದೇ ಇಲ್ಲ ಅವರು.

ಸೀಟು ಪಟ್ಟಿಯ ಮುಂದಿನವರಿಗೆ ಹೋಯಿತು. ಮುಂದಿನವಳು ಯಾರು ಅಂತ ನನಗೆ ಗೊತ್ತಿತ್ತು. ಬಾಗಿಲು ದಾಟುವ ಮೊದಲೇ ಗೊತ್ತಿತ್ತು. ನನ್ನ ಪಕ್ಕದ ಸೀಟಿನ ಡ್ರಾಯಿಂಗಿನವಳು. ಈ ಕಟ್ಟಡದ ಗೋಡೆ ಬಾಗಿಲು ಎಲ್ಲ ಗೆರೆಯಲ್ಲಿ ಇಳಿಸಿದವಳು. ಅವಳ ಮಗನಿಗೆ ಒಂದು ವರ್ಷ ಎರಡು ತಿಂಗಳು. ಮನೆಯಲ್ಲಿ ಗುಂಡ ಅಂತ ಕರೆಯುತ್ತಾರೆ, ಹಾಗೇ ಇದ್ದಾನೆ. ಇದುವರೆಗೆ ಬೆಳಿಗ್ಗೆ ಅಕ್ಕನ ಮನೆ, ಮಧ್ಯಾಹ್ನ ನೆರೆಯವರು, ಸಂಜೆ ಗಂಡ ಅಂತ ಪಾರ್ಸೆಲ್ಲಿನ ಹಾಗೆ ಕೈಯಿಂದ ಕೈಗೆ ದಾಟುತ್ತಿದ್ದ.

ಓಡಿ ಬಂದು ಕೈ ಹಿಡಿದುಕೊಂಡಳು. 'ನೀನು ಬಿಟ್ಕೊಟ್ಟಿದ್ದಕ್ಕೆ ನನ್ನ ಜೀವ ಉಳೀತು ಕಣೇ.'

ನಾನು ಬಿಟ್ಟುಕೊಟ್ಟಿದ್ದು. ಹೌದು, ಅದೇ ಸರಿಯಾದ ಮಾತು.

ಜೂನ್ 10, ಸೋಮವಾರ. 11.20

ಡೇಕೇರ್ ಶುರು. ಒಂಬತ್ತು ಮಕ್ಕಳು. ಗೋಡೆಯಾಚೆ ಅಳು — ಮೊದಲ ದಿನದ ಅಳು, ಒಬ್ಬ ಶುರು ಮಾಡಿದರೆ ಎಲ್ಲರದ್ದೂ. ಅದರಲ್ಲಿ ಗುಂಡನದು ಬೇರೆಯೇ ಗೊತ್ತಾಗುತ್ತದೆ. ಲಾರಿಯ ಹಾರನ್ನು.

ಅಳು ಕೇಳಿದ್ದಕ್ಕೋ ಏನೋ ಹಾಲು ಧಾರಾಕಾರ. ಎರಡೂ ಕಡೆ ಸೇರಿ ನೂರಾಹತ್ತು. ನನ್ನ ಮೈಗೆ ಯಾವ ಮಗು ಅಂತ ಭೇದವಿಲ್ಲ. ತಲೆಗೆ ಇದೆ.

ಜೂನ್ 12, ಬುಧವಾರ. 3.40

ಮಲಗಿಸುವ ಹೊತ್ತು ಒಂದರಿಂದ ಮೂರು. ಡೇಕೇರಿನ ಆಯಮ್ಮ ಬಾಗಿಲು, ಕಿಟಕಿ, ಪರದೆ ಎಲ್ಲ ಮುಚ್ಚಿ ಎಸಿ ಹಾಕುತ್ತಾರೆ. ಒಳಗಿನ ಗಾಳಿ ಒಳಗೇ. ನೀಲಿ ಬಟ್ಟೆಯ ಗೋಡೆಗೆ ತಾಗಿಸಿ ಹಾಸಿಗೆ. ಗುಂಡ ಗೋಡೆಗೆ ಮೂಗು ಒತ್ತಿಕೊಂಡೇ ಮಲಗುವುದಂತೆ. 'ಬಟ್ಟೆ ಮೆತ್ತಗಿದೆಯಲ್ಲ, ಅದಕ್ಕೇ ಇಷ್ಟ ಅವನಿಗೆ' ಅಂದಳು ಡ್ರಾಯಿಂಗಿನವಳು. ಖುಷಿಯಿಂದ ಅಂದಳು.

ಇವತ್ತು ನನ್ನ ಎರಡು ಮೀಟಿಂಗಿಗೆ ಅವಳೇ ಕೂತು ನೋಟ್ಸ್ ಬರೆದಳು. ನಾನು ಬೇಗ ಮನೆಗೆ ಹೋಗಲಿ ಅಂತ.

ಜೂನ್ 24, ಸೋಮವಾರ. 11.30

ಹನ್ನೆರಡು ದಿನ ಬರೆಯಲಿಲ್ಲ. ಬರೆಯದಿದ್ದರೆ ಅದು ಇಲ್ಲವೇ ಇಲ್ಲ ಅಂತಲೋ ಏನೋ.

ಶನಿವಾರ ಇವರೂ ನಾನೂ ಮಗುವಿನ ಲಸಿಕೆಯ ಕಾರ್ಡು ಹುಡುಕಿಸಲು ಆಸ್ಪತ್ರೆಗೆ ಹೋಗಿದ್ದೆವು. ಅತ್ತೆ ಮಗುವಿಗೆ ಬಾಟ್ಲಿ ಕೊಡಲು ನೆಲದ ಮೇಲೆ ಕೂತರಂತೆ. ಏಳಲು ಆಗಲಿಲ್ಲ. ಫೋನು ಮೇಜಿನ ಮೇಲೆ, ಕೈಗೆ ಎಟುಕದ ಕಡೆ. ನಾವು ಬರುವವರೆಗೆ ಒಂದೂವರೆ ಗಂಟೆ ಹಾಗೇ, ಮಗು ಮಡಿಲಲ್ಲಿ. ಎರಡು ಸಲ ಫೋನ್ ಮಾಡಿದ್ದೆ, ಎತ್ತಿರಲಿಲ್ಲ. ನಿದ್ದೆ ಬಂದಿರಬೇಕು ಅಂದುಕೊಂಡಿದ್ದೆ.

ಬಾಗಿಲು ತೆಗೆದಾಗ ನಗುತ್ತಿದ್ದರು. 'ಇಬ್ರೂ ಒಂದೇ ಕಣಮ್ಮ ಈಗ. ಅದಕ್ಕೂ ಏಳಕ್ಕೆ ಬರಲ್ಲ, ನನಗೂ ಬರಲ್ಲ. ಇಬ್ರನ್ನೂ ಎತ್ಕೊಳ್ಳಿ.'

ಇವರು ಅಮ್ಮನನ್ನು ಎತ್ತಿ ಮಂಚದ ಮೇಲೆ ಕೂರಿಸಿದರು. ಆಮೇಲೆ ಅಡುಗೆಮನೆಗೆ ಬಂದು, ತಗ್ಗಿದ ದನಿಯಲ್ಲಿ, 'ಆ ಡೇಕೇರಲ್ಲಿ ಇನ್ನೊಂದ್ಸಲ ಕೇಳು. ಕಾಲು ಹಿಡಿದಾದ್ರೂ ಕೇಳು' ಅಂದರು.

ಕೇಳ್ತೀನಿ, ಅಂದೆ.

ಆಫೀಸಿನಲ್ಲಿ ಅತ್ತೆ ಹಠಮಾರಿ. ಮನೆಯಲ್ಲಿ ಆಫೀಸು ಕಲ್ಲು. ಎರಡರ ನಡುವೆ ನಾನೊಬ್ಬಳೇ ಒಳ್ಳೆಯವಳು.

ಜೂನ್ 26, ಬುಧವಾರ. 3.35

ಆಫೀಸಿನ ಗಾಳಿ ಮೀಟರು ಬೀರುವಿನಿಂದ ತೆಗೆದುಕೊಂಡೆ. ಫಾರ್ಮಾಲ್ಡಿಹೈಡ್ ಅಳೆಯುವುದು, 0.08 ದಾಟಬಾರದು. ರಿಜಿಸ್ಟರಿನಲ್ಲಿ 'ಕ್ಯಾಲಿಬ್ರೇಶನ್' ಅಂತ ಬರೆದೆ. ಲಾಬಿಯಲ್ಲಿ 0.02. ನಮ್ಮ ಮಹಡಿಯಲ್ಲಿ 0.02. ಎರಡೂವರೆಗೆ ಮಲಗಿಸುವ ಕೋಣೆಗೆ ಹೋದೆ. ಕತ್ತಲೆ, ಒಂಬತ್ತು ಉಸಿರು. ಗುಂಡ ಗೋಡೆಗಂಟಿ ಮಲಗಿದ್ದ, ಬಾಯಿ ತೆರೆದುಕೊಂಡು.

ಆಯಮ್ಮ ಪಿಸುದನಿಯಲ್ಲಿ, 'ಏನಮ್ಮಾ ಅದು?'

'ಎಸಿ ಸರಿಯಾಗಿದ್ಯಾ ನೋಡಕ್ಕೆ.'

'ಸರಿಯಾಗೇ ಇದೆ. ಆದ್ರೆ ಮಧ್ಯಾಹ್ನ ಆದ್ಮೇಲೆ ನನಗೇ ಕಣ್ಣು ಚುರುಚುರು ಅನ್ನತ್ತೆ. ವಯಸ್ಸಾಯ್ತು ಅಂತ ಕಾಣತ್ತೆ.'

0.11. ಗೋಡೆಯ ಹತ್ತಿರ ಹಿಡಿದರೆ 0.13. ಮತ್ತೆ ಹಿಡಿದೆ, 0.13.

ಈ ಕೈಮೀಟರನ್ನು ಪೂರ್ತಿ ನಂಬುವಂತಿಲ್ಲ. ಮಕ್ಕಳ ಮೈ ಒರೆಸುವ ಹಸಿ ಟಿಶ್ಯೂಗೂ ಏರುತ್ತದೆ, ಕೈಗೆ ಹಚ್ಚುವ ಸ್ಯಾನಿಟೈಸರಿಗೂ ಏರುತ್ತದೆ. ಕ್ಲಾಸಿನಲ್ಲಿ ಅದನ್ನೂ ನಾನೇ ಹೇಳುವುದು. ಟಿಶ್ಯೂ ಇರಬಹುದು. ಸ್ಯಾನಿಟೈಸರೇ ಇರಬಹುದು.

ಎಷ್ಟು ಚೆನ್ನಾಗಿ ವಾದ ಮಾಡುತ್ತೇನೆ. ಲಾಯರ್ ಆಗಬೇಕಿತ್ತು.

ಜೂನ್ 27, ಗುರುವಾರ. 11.20

ಡೇಕೇರಿನ ಮಿಸ್ ಹತ್ತಿರ ಹೋಗಿ, ಮಲಗಿಸುವಾಗ ಕಿಟಕಿ ತೆಗೆದಿಡಿ, ಮಕ್ಕಳಿಗೆ ಹೊರಗಿನ ಗಾಳಿ ಒಳ್ಳೆಯದು ಅಂದೆ. ಲೇಖನದಲ್ಲಿ ಓದಿದ ಹಾಗೆ ಹೇಳಿದೆ. ತುಂಬಾ ಒಳ್ಳೆ ಐಡಿಯಾ ಅಂದರು.

ಅದೇ ದಿನ 3.40

ತೆಗೆದಿದ್ದರು. ಹತ್ತು ನಿಮಿಷ. ಕೆಳಗೆ ಲಾರಿ ರಿವರ್ಸ್ ತೆಗೆದುಕೊಳ್ಳುವ ಸದ್ದಿಗೆ ಮೂವರು ಎದ್ದು ಅತ್ತರಂತೆ. ಮುಚ್ಚಿದರು.

ನಾನು ಮಾಡಬಹುದಾದದ್ದೆಲ್ಲ ಮಾಡಿದೆ ಅಂತ ಅನ್ನಿಸಿತು, ಅರ್ಧ ನಿಮಿಷ.

ಜುಲೈ 1, ಸೋಮವಾರ. 3.30

ಪಂಪು ಹಚ್ಚದೆ ಮೊದಲು ಇದನ್ನು ಬರೆಯುತ್ತಿದ್ದೇನೆ.

ಊಟದ ಹೊತ್ತಿಗೆ ದಿನವೂ ವಿಡಿಯೋ ಕಾಲ್ — ಮಗುವನ್ನು ನೋಡುವುದಕ್ಕೆ. ಇವತ್ತು ಹಿಂದಿನಿಂದ ಡ್ರಾಯಿಂಗಿನವಳು ಬಂದು ನನ್ನ ಭುಜದ ಮೇಲಿಂದ ಫೋನಿಗೆ ಮುಖ ಹಾಕಿದಳು.

'ನಮಸ್ಕಾರ ಅಮ್ಮ. ನಿಮಗೆ ಒಂದ್ಸಲ ಥ್ಯಾಂಕ್ಸ್ ಹೇಳ್ಬೇಕಿತ್ತು. ಡೇಕೇರ್ ಬೇಡವೇ ಬೇಡ ಅಂತ ನೀವು ಹಠ ಹಿಡಿದ್ರಂತಲ್ಲ, ಅದಕ್ಕೇ ಆ ಸೀಟು ನನ್ನ ಮಗನಿಗೆ ಸಿಕ್ತು.'

ಪರದೆಯಲ್ಲಿ ಅತ್ತೆಯ ಮುಖ. ಕನ್ನಡಕದ ಹಿಂದೆ ಕಣ್ಣು ಒಂದು ಸಲ ನನ್ನ ಕಡೆ, ಒಂದು ಸಲ ಅವಳ ಕಡೆ. ನೆಟ್‌ವರ್ಕ್ ನಿಂತಿತೇನೋ ಅಂದುಕೊಂಡೆ. ನಿಂತಿರಲಿಲ್ಲ.

'ಹೌದಮ್ಮ' ಅಂದರು. 'ನನಗೆ ಮೊಮ್ಮಗಳನ್ನ ಬಿಟ್ಟಿರಕ್ಕೆ ಆಗಲ್ಲ. ಹಠಾನೇ ನಂದು. ನಿನ್ನ ಮಗ ಹೇಗಿದಾನೆ?'

'ಚೆನ್ನಾಗಿದಾನೆ. ಮಲಗಿ ಎದ್ಮೇಲೆ ಸ್ವಲ್ಪ ಕಣ್ಣುಜ್ತಾನೆ ಅಷ್ಟೆ. ಧೂಳೇನೋ.'

ಮನೆಗೆ ಹೋಗಬೇಕು. ಬಸ್ಸು ನಿಧಾನ ಹೋಗಲಿ.

ಜುಲೈ 2, ಮಂಗಳವಾರ. 11.30

ನಿನ್ನೆ ಅತ್ತೆ ಏನೂ ಕೇಳಲಿಲ್ಲ. ಊಟ ಬಡಿಸಿದರು. ಮಗುವಿಗೆ ಎಣ್ಣೆ ಹಚ್ಚಿದರು. ನಾನೇ ಹೋಗಿ ಅವರ ಮಂಚದ ತುದಿಯಲ್ಲಿ ಕೂತೆ.

'ನನ್ನ ಮೇಲೆ ಹಾಕಿದ್ದಕ್ಕೆ ಬೇಜಾರಿಲ್ಲ' ಅಂದರು. 'ಭುಜ ಗಟ್ಟಿಯಿದೆ, ಹೊರ್ತೀನಿ. ಮೊಣಕಾಲು ಮಾತ್ರ ಇಲ್ಲ. ಆದ್ರೆ ಯಾಕೆ ಅಂತ ಹೇಳು. ಕೆಲಸ ಬಿಡಿಸ್ತಾರಾ? ಯಾರಾದ್ರೂ ಏನಾದ್ರೂ ಅಂದ್ರಾ?'

ಹೇಳಿದೆ. ಬೋರ್ಡು, ಎಳೆದ ಸಾಲು, ಎಳೆದ ಟಿಕ್ಕು, ಹೆಬ್ಬೆರಳು, ಮೀಟರು. ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಮೂಗು ಸೋರಿ ಸೆರಗಿಲ್ಲದ ಟೀಶರ್ಟಿನ ತೋಳೆಲ್ಲ ಒದ್ದೆ. ಗೊತ್ತಾದರೆ ಸರ್ಟಿಫಿಕೇಟು ಹೋಗಬಹುದು, ಬಾಸಿನ ಮುಖಕ್ಕೆ ಮಸಿ, ಕಡತದ ಕೆಳಗೆ ಸಹಿ ನನ್ನದು, ಈ ಕೆಲಸದಲ್ಲಿ ಮತ್ತೆ ಯಾರೂ ನನ್ನ ಸಹಿ ನಂಬುವುದಿಲ್ಲ — ಅದನ್ನೂ ಹೇಳಿದೆ. ಅದನ್ನೇ ಹೆಚ್ಚು ಹೇಳಿದೆ.

ಅತ್ತೆ ಮಗುವಿನ ಬೆನ್ನು ತಟ್ಟುತ್ತಾ ಕೇಳಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

'ಆ ಹುಡುಗಿ ಮಗ ನಾಳೆ ಎಲ್ಲಿ ಮಲಗ್ತಾನೆ?'

ಅಷ್ಟೇ ಕೇಳಿದ್ದು.

ಉತ್ತರ ಅವರಿಗೂ ಗೊತ್ತು. ಈಗ ಹನ್ನೊಂದೂವರೆ. ಗೋಡೆಯಾಚೆ ಗುಂಡ ಏನನ್ನೋ ಬಡಿಯುತ್ತಿದ್ದಾನೆ. ಇನ್ನೊಂದೂವರೆ ಗಂಟೆಗೆ ಅಲ್ಲೇ ಮಲಗುತ್ತಾನೆ. ನಾನು ಇಲ್ಲಿ ಬಾಟ್ಲಿಯ ಮುಚ್ಚಳ ಬಿಗಿಮಾಡುತ್ತಿದ್ದೇನೆ.

ಜುಲೈ 8, ಸೋಮವಾರ. 4.10

ಆರು ದಿನ. ಆರು ಮಧ್ಯಾಹ್ನದಲ್ಲಿ ವಾರಾಂತ್ಯ ಕಳೆದರೆ ನಾಲ್ಕು. ಎಣಿಸಿದ್ದೇನೆ.

ಇವತ್ತಿನದನ್ನು ಬರೆಯಲೇಬೇಕು.

ಬೇರೊಂದು ಕಂಪನಿಯವರು ಕಟ್ಟಡ ನೋಡಲು ಬಂದಿದ್ದರು. ತಮ್ಮ ಕಟ್ಟಡಕ್ಕೂ ಸರ್ಟಿಫಿಕೇಟು ಬೇಕಂತೆ. ನಾಲ್ವರು. ಬಾಸ್ ಎಲ್ಲ ತೋರಿಸಿ ಕೊನೆಗೆ ಡೇಕೇರಿಗೆ ಕರೆದುಕೊಂಡು ಹೋದರು. ನನ್ನನ್ನೂ. ಮಲಗಿಸುವ ಕೋಣೆ, ಇನ್ನೂ ಮಕ್ಕಳು ಮಲಗಿರಲಿಲ್ಲ. ಬಾಸ್ ನೀಲಿ ಗೋಡೆಯ ಮೇಲೆ ಅಂಗೈ ಇಟ್ಟು, ಕುದುರೆಯ ಬೆನ್ನು ಸವರಿದ ಹಾಗೆ ಸವರಿದರು.

'ಇಡೀ ಕಟ್ಟಡದಲ್ಲಿ ನನಗೆ ಹೆಮ್ಮೆ ಇರೋದು ಈ ಕೋಣೆ ಬಗ್ಗೆ. ಇಲ್ಲಿನ ಗಾಳಿಗೆ ನಮ್ಮ ಹುಡುಗಿ ಗ್ಯಾರಂಟಿ. ಇವಳೂ ತಾಯಿ.'

ಅವರಲ್ಲೊಬ್ಬ ಹಿರಿಯ ಹೆಂಗಸು, ಕೂದಲು ಪೂರ್ತಿ ಬಿಳಿ, ನನ್ನ ಕಡೆ ತಿರುಗಿದರು. ಸುಮ್ಮನೆ, ಪ್ರೀತಿಯಿಂದಲೇ ಕೇಳಿದರು. 'ಹಾಗಾದ್ರೆ ನಿಮ್ಮ ಮಗೂನೂ ಇಲ್ಲೇ ಮಲಗತ್ತಾ?'

'ಹೌದು' ಅಂದೆ.

ಯಾರೂ ಹೇಳಿಸಲಿಲ್ಲ. ಯೋಚಿಸಲೂ ಇಲ್ಲ. ಬಾಸ್ ನನ್ನ ಮುಖ ನೋಡಿದರು, ಮಾತು ಮುಂದುವರಿಸಿದರು. ಬಾಗಿಲಲ್ಲಿ ಡ್ರಾಯಿಂಗಿನವಳು ನಿಂತಿದ್ದಳು, ಗುಂಡನನ್ನು ಸೊಂಟದ ಮೇಲೆ ಹೊತ್ತುಕೊಂಡು. ಅವನು ಎರಡೂ ಮುಷ್ಟಿಯಿಂದ ಕಣ್ಣು ಉಜ್ಜುತ್ತಿದ್ದ. ಅವಳು ಕೇಳಿಸಿಕೊಂಡಳು. ಕೇಳಿಸಿಕೊಂಡದ್ದು ನನಗೆ ಕಂಡಿತು.

ಮಧ್ಯಾಹ್ನವೆಲ್ಲ ಪಕ್ಕದ ಸೀಟಿನಲ್ಲಿ ಮೌಸಿನ ಟಿಕ್ ಟಿಕ್ ಮಾತ್ರ. ಮೂರೂವರೆಗೆ ನಾನು ಪಂಪಿನ ಚೀಲ ಎತ್ತಿಕೊಂಡಾಗ, ಸ್ಕ್ರೀನಿನಿಂದ ಕಣ್ಣು ತೆಗೆಯದೆ ಕೇಳಿದಳು.

'ನಿಮ್ಮತ್ತೆ ಒಪ್ಪಲಿಲ್ಲ ಅಂತ ಇದ್ದದ್ದನ್ನೇ ಅನ್ನಬಹುದಿತ್ತಲ್ಲ. ಅವರಿಗೆ ಯಾಕೆ ಹೌದು ಅಂದೆ?'

'ಬಾಯಿ ತಪ್ಪಿ ಬಂತು ಕಣೇ. ನಿದ್ದೆಯಿಲ್ಲ.'

'ನನಗೂ ನಿದ್ದೆಯಿಲ್ಲ' ಅಂದಳು. 'ಆದ್ರೆ ಮಗು ಎಲ್ಲಿದೆ ಅಂತ ನನಗೂ ಮರೆಯಲ್ಲ, ನಿನಗೂ ಮರೆಯಲ್ಲ.'

ಮತ್ತೆ ಮೌಸು. ಟಿಕ್ ಟಿಕ್.

ಹಾಲು ಇಪ್ಪತ್ತು ಎಂಎಲ್. ಎರಡೂ ಸೇರಿ.

ಜುಲೈ 9, ಮಂಗಳವಾರ. ಬೆಳಿಗ್ಗೆ 6.15, ಮನೆ

ಬಾಲ್ಕನಿಯ ಮ್ಯಾಟು ಒಳಗೆ ತಂದೆ. ಹದಿನಾಲ್ಕು ದಿನ ಆಗಿ ಯಾವ ಕಾಲವಾಯಿತು, ಮರೆತಿದ್ದೆ. ಮಗುವನ್ನು ಅದರ ಮೇಲೆ ಬಿಟ್ಟೆ. ಮುಖ ಕೆಳಗೆ ಮಾಡಿ ಮ್ಯಾಟನ್ನೇ ನೆಕ್ಕಿತು. ಎತ್ತಿಕೊಳ್ಳಲು ಹೋದವಳು ನಿಂತೆ. ಗೊತ್ತಿರುವ ಮ್ಯಾಟು. ನಾನೇ ಕಾದ ಮ್ಯಾಟು. ಗುಂಡನಿಗೆ ಮೆತ್ತಗಿದೆ ಅಂತ ಇಷ್ಟವಾದ ಗೋಡೆಯನ್ನು ಯಾರು ಕಾದರು.

ಅತ್ತೆ ಕಾಫಿ ತಂದುಕೊಟ್ಟರು. 'ಇವತ್ತು ನೀನು ತಡವಾಗಿ ಬಂದ್ರೂ ಪರವಾಗಿಲ್ಲ' ಅಂದರು. 'ನಾನು ಕುರ್ಚಿ ಮೇಲೇ ಕೂತ್ಕೊಂಡು ನೋಡ್ಕೋತೀನಿ. ಫೋನು ಕುತ್ತಿಗೆಗೆ ಕಟ್ಕೊಂಡಿದೀನಿ, ನೋಡು.' ನಿಜಕ್ಕೂ ದಾರದಲ್ಲಿ ನೇತುಹಾಕಿಕೊಂಡಿದ್ದರು, ಪೀಟಿ ಮೇಷ್ಟ್ರ ಸೀಟಿಯ ಹಾಗೆ.

ಅದೇ ದಿನ. 12.20

ಊಟಕ್ಕೆ ಹೋಗದೆ ಇಲ್ಲಿ ಬಂದು ಕೂತಿದ್ದೇನೆ. ಪಂಪು ಚೀಲದಲ್ಲೇ ಇದೆ. ಲ್ಯಾಪ್‌ಟಾಪು ತೊಡೆಯ ಮೇಲೆ.

ಸರ್ಟಿಫಿಕೇಟು ಕೊಡುವವರಿಗೆ ಕಳಿಸುವ ತಿದ್ದುಪಡಿ ಫಾರ್ಮು. ಎಂದೂ ತುಂಬಿರಲಿಲ್ಲ. ಒಂದೇ ಪುಟ, ಇಷ್ಟು ಸಣ್ಣದಾ ಅನ್ನಿಸಿತು. ಕೊಠಡಿ — ಬರೆದೆ. ಒಪ್ಪಿಗೆಯಾದ ವಸ್ತು — ಬರೆದೆ. ನಿಜವಾಗಿ ಬಳಸಿದ ವಸ್ತು — ಬರೆದೆ, ಫೋಟೋ ಸೇರಿಸಿದೆ.

ಬದಲಾವಣೆ ಗಮನಕ್ಕೆ ಬಂದ ದಿನಾಂಕ.

ಅಲ್ಲಿ ಕರ್ಸರು ಮಿಟುಕುತ್ತಾ ನಿಂತಿದೆ. ಜುಲೈ 9 ಅಂತ ಹಾಕಿದರೆ ನಾನು ಕಣ್ಣು ಚುರುಕಾದ ಉದ್ಯೋಗಿ. ಇವತ್ತು ಕಂಡುಹಿಡಿದೆ, ಇವತ್ತೇ ತಿಳಿಸಿದೆ. ಬಾಸ್ ಬೆನ್ನು ತಟ್ಟಿದರೂ ತಟ್ಟಿಯಾರು. ಮೆಸೇಜು ಬಂದದ್ದು ನನಗೂ ಸೂಪರ್‌ವೈಸರನಿಗೂ ಮಾತ್ರ ಗೊತ್ತು, ಅವನು ಈಗ ಬೇರೆ ಸೈಟಿನಲ್ಲಿದ್ದಾನೆ.

ಜುಲೈ 9 ಅಂತ ಟೈಪ್ ಮಾಡಿದೆ. ನೋಡಿದೆ. ಚೆನ್ನಾಗಿ ಕಾಣಿಸಿತು.

12.34

ಅಳಿಸಿದೆ. ಡಿಸೆಂಬರ್ 11. ಹೆಬ್ಬೆರಳು ಇರುವ ಮೆಸೇಜನ್ನೂ ಸೇರಿಸಿದೆ, ಇಲ್ಲದಿದ್ದರೆ ನಾಳೆ ಇನ್ನೊಂದು ವಾದ ಹೂಡುತ್ತೇನೆ. ಟಿಪ್ಪಣಿ ಎಂಬಲ್ಲಿ: 'ಕೋಣೆಗಳನ್ನು ಒಂದೊಂದಾಗಿ ನೋಡಿಲ್ಲ. ಇಪ್ಪತ್ತಮೂರನ್ನೂ ಮತ್ತೆ ನೋಡಬೇಕು. ಈ ಕೋಣೆಯನ್ನು ಇವತ್ತೇ ಮುಚ್ಚಬೇಕು.'

ಬಾಸಿಗೆ ಪ್ರತಿ. ಕಳಿಸಿದೆ.

12.41

ಏನೂ ಆಗಲಿಲ್ಲ. ಕಟ್ಟಡ ನಿಂತೇ ಇದೆ. ಫ್ರಿಜ್ಜು ಗುಂಯ್‌ಗುಡುತ್ತಿದೆ. ಬಾಸ್ ಊಟಕ್ಕೆ ಹೊರಗೆ ಹೋಗಿದ್ದಾರೆ, ಎರಡಕ್ಕೆ ಬರುತ್ತಾರೆ, ಆಮೇಲೆ ಮೇಲ್ ನೋಡುತ್ತಾರೆ. ಒಂದಕ್ಕೆ ಮಲಗಿಸುತ್ತಾರೆ. ಮೇಲ್ ಕಳಿಸಿ ಕೈ ತೊಳೆದುಕೊಂಡೆ ಅಂದರೆ ಆಗಲಿಲ್ಲ. ಇನ್ನೊಂದು ಮಧ್ಯಾಹ್ನ ಬಾಕಿ ಇದೆ, ಇವತ್ತಿನದು.

ಎದ್ದು ಹೋಗಿ ಹೇಳಬೇಕು. ಮಿಸ್‌ಗೆ. ಆಯಮ್ಮನಿಗೆ. ಅದಕ್ಕೂ ಮೊದಲು ಅವಳಿಗೆ. ಕಾಲು ಏಳುತ್ತಿಲ್ಲ. ಅತ್ತೆಗೆ ಹೀಗೇ ಆಗಿತ್ತೇನೋ ಆ ಶನಿವಾರ, ಒಂದೂವರೆ ಗಂಟೆ.

12.52

ಗೋಡೆಯಾಚೆ ಹಾಸಿಗೆ ಬಿಡಿಸುವ ಸದ್ದು. ಪರದೆಯ ಬಳೆಗಳು ಸರಿದವು. ಒಂದು ಕಿಟಕಿ ಮುಚ್ಚಿತು. ಇನ್ನೊಂದು.

ಬಾಗಿಲು ತಟ್ಟುತ್ತಿದ್ದಾರೆ. ಅವಳೇ. ನಿನ್ನೆಯಿಂದ ಮಾತಾಡದವಳು.

'ಒಳಗಿದ್ಯೇನೇ? ಊಟಕ್ಕೂ ಬರಲಿಲ್ಲ. ಇರು, ಗುಂಡನ್ನ ಮಲಗಿಸ್ಬಿಟ್ಟು ಬರ್ತೀನಿ.'

ಬೇಡ, ಅಂದೆ. ಜೋರಾಗಿಯೇ ಅಂದೆ.

ಗುಂಡನ ಉಸಿರು ಬಾಗಿಲಿಗೆ ಹತ್ತಿರ ಕೇಳಿಸುತ್ತಿದೆ.

'ಯಾಕೆ?'

ಚಿಲಕ ತೆಗೆದು ಅವಳಿಗೆ ಮೊದಲು ಹೇಳುತ್ತೇನೆ. ಎದ್ದೆ.